ಜೇಸನ್ ಓದಲು ಸುಲಭ ಎನ್ನುವವರಿಗೆ

2025ರ ನವೆಂಬರ್‌ನಲ್ಲಿ ವಾಚ್‌ಟವರ್ ಎಂಬ ಭದ್ರತಾ ಸಂಸ್ಥೆ ಒಂದು ವರದಿ ಹೊರತಂದಿತು. ಜೇಸನ್‌ಫಾರ್ಮ್ಯಾಟರ್, ಕೋಡ್‌ಬ್ಯೂಟಿಫೈ ಎಂಬ ಎರಡು ಜನಪ್ರಿಯ ತಾಣಗಳಲ್ಲಿ ಜನ ಅಂಟಿಸಿ ಉಳಿಸಿಹೋಗಿದ್ದ 80,000ಕ್ಕೂ ಹೆಚ್ಚು ಕಡತಗಳು ಯಾವ ಬೀಗವನ್ನೂ ಮುರಿಯದೆ ಸಂಶೋಧಕರ ಕೈಗೆ ಸಿಕ್ಕಿದ್ದವು. ಆ ತಾಣಗಳಲ್ಲಿ ಉಳಿಸುವ ಗುಂಡಿ ಒತ್ತಿದರೆ ಹಂಚಿಕೊಳ್ಳಲು ಒಂದು ಲಿಂಕ್ ಹುಟ್ಟುತ್ತಿತ್ತು. ಹಾಗೆ ಹುಟ್ಟಿದ ಲಿಂಕುಗಳನ್ನೆಲ್ಲ ತಾಣವೇ ಒಂದು ಪುಟದಲ್ಲಿ ಪಟ್ಟಿ ಮಾಡಿ ಬಂದವರಿಗೆಲ್ಲ ತೋರಿಸುತ್ತಿತ್ತು. ಒಳಗಿದ್ದದ್ದು ಡೇಟಾಬೇಸ್ ಪಾಸ್‌ವರ್ಡುಗಳು, ಕ್ಲೌಡ್ ಖಾತೆಗಳ ಕೀಲಿಗಳು, ಗ್ರಾಹಕರ ಕೆವೈಸಿ ವಿವರಗಳು. ಹಾಕಿದವರಲ್ಲಿ ಬ್ಯಾಂಕಿನವರು, ಸರ್ಕಾರದವರು, ಟೆಲಿಕಾಂನವರು, ಸಾಲದ್ದಕ್ಕೆ ಸೈಬರ್ ಭದ್ರತೆಯವರೂ ಇದ್ದರು. ಸಂಶೋಧಕರು ಬೇಕೆಂದೇ ಒಂದು ಹುಸಿ ಕೀಲಿಯನ್ನು ಅಲ್ಲಿ ಇಟ್ಟುನೋಡಿದರು. ಲಿಂಕಿನ ಆಯುಸ್ಸು 24 ಗಂಟೆ ಎಂದು ಗೊತ್ತುಮಾಡಿದ್ದರೂ, 48 ಗಂಟೆ ಕಳೆದ ಮೇಲೆ ಯಾರೋ ಆ ಕೀಲಿ ತಿರುಗಿಸಿ ನೋಡಿದ್ದರು.

ಸುದ್ದಿ ಹರಡಿದಾಗ ಬೈಗುಳವೆಲ್ಲ ಅಂಟಿಸಿದವರ ಪಾಲಿಗೆ ಹೋಯಿತು. ಬುದ್ಧಿಯಿಲ್ಲದವರು, ಪಾಸ್‌ವರ್ಡನ್ನು ಕಂಡವರ ತಾಣಕ್ಕೆ ಹಾಕುತ್ತಾರೆಯೇ ಎಂದು. ಬೈಗುಳ ನ್ಯಾಯವೇ. ಆದರೆ ಅದರ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಈ ತಾಣಗಳ ಕಸುಬು ಏನು? ಜೇಸನ್ ಪಠ್ಯವನ್ನು ಓದುವಂತೆ ಬಿಡಿಸಿ, ಸಾಲು ಮುರಿದು, ಬಣ್ಣ ಹಚ್ಚಿ ಕೊಡುವುದು. ಜೇಸನ್ ಬಗ್ಗೆ ಯಾವ ಪಾಠ ಶುರುವಾದರೂ ಮೊದಲ ಸಾಲು ಒಂದೇ: ಇದು ಮನುಷ್ಯರೇ ಓದಬಲ್ಲ ನಮೂನೆ. ಓದಬಲ್ಲದ್ದೇ ಆಗಿದ್ದರೆ ಅದನ್ನು ಓದಿಸಿಕೊಳ್ಳಲು ಇಷ್ಟು ಜನ, ಅದೂ ವೃತ್ತಿಯಲ್ಲಿ ನುರಿತವರು, ಗುಟ್ಟುಗಳನ್ನು ಹೊತ್ತುಕೊಂಡು ಪರರ ಬಾಗಿಲಿಗೆ ಏಕೆ ಹೋದರು?

ಈ ಕ್ಷೇತ್ರದ ಹೊರಗಿರುವವರಿಗಾಗಿ ನಾಲ್ಕು ಮಾತು. ಪ್ರೋಗ್ರಾಮಿನ ಒಳಗೆ ಮಾಹಿತಿ ಕಂಪ್ಯೂಟರಿನ ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿಕೊಂಡಿರುತ್ತದೆ. ಅದನ್ನು ಇನ್ನೊಂದು ಯಂತ್ರಕ್ಕೆ ಕಳಿಸಬೇಕಾದರೆ ಬೈಟುಗಳ ಒಂದೇ ಸಾಲಾಗಿ ಜೋಡಿಸಬೇಕು, ಆ ಕಡೆಯವರು ಅದನ್ನು ಮತ್ತೆ ಬಿಡಿಸಿಕೊಳ್ಳಬೇಕು. ಈ ಜೋಡಣೆಗೆ ಸೀರಿಯಲೈಸೇಶನ್ ಎನ್ನುತ್ತಾರೆ, ಇದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ನಮೂನೆಗಳು ಬಂದವು. 1984ರಲ್ಲಿ ದೂರವಾಣಿ ಲೋಕದವರು ಎಎಸ್‌ಎನ್.1 ಬರೆದರು. 1987ರಲ್ಲಿ ಸನ್ ಕಂಪನಿಯ ಎಕ್ಸ್‌ಡಿಆರ್ ಪ್ರಕಟವಾಯಿತು. 1998ರಲ್ಲಿ ಎಕ್ಸ್‌ಎಂಎಲ್. ಮುಂದಿನ ದಶಕದ ಆರಂಭದಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಜೇಸನ್‌ಗೆ ಹೆಸರಿಟ್ಟು ಅದರ ವ್ಯಾಕರಣವನ್ನು ಒಂದು ಪುಟಕ್ಕೆ ಇಳಿಸಿದರು. 2008ರಲ್ಲಿ ಗೂಗಲ್ ತನ್ನ ಪ್ರೊಟೊಬಫ್ ಅನ್ನು ಹೊರಗೆ ಬಿಟ್ಟಿತು, ಅದೇ ಹೊತ್ತಿಗೆ ಸದಾಯುಕಿ ಫುರುಹಾಶಿ ಅವರ ಮೆಸೇಜ್‌ಪ್ಯಾಕ್ ಬಂತು. 2013ರಲ್ಲಿ ಕಾರ್ಸ್ಟನ್ ಬೋರ್ಮನ್ ಮತ್ತು ಪಾಲ್ ಹಾಫ್‌ಮನ್ ಸಿಬೋರ್ ಅನ್ನು ಕೊಟ್ಟರು. ಇವುಗಳಲ್ಲಿ ಎಕ್ಸ್‌ಎಂಎಲ್ ಮತ್ತು ಜೇಸನ್ ಅಕ್ಷರಗಳಲ್ಲಿವೆ, ಉಳಿದವು ಬೈನರಿ. ಅಕ್ಷರದಲ್ಲಿರುವುದು ತೆರೆದ ಪುಸ್ತಕ, ಬೈನರಿ ಎಂದರೆ ಬೀಗ ಹಾಕಿದ ಪೆಟ್ಟಿಗೆ ಎಂಬುದು ಕಚೇರಿ ಕಚೇರಿಗಳಲ್ಲಿ ನೆಲೆಯೂರಿದ ಅಭಿಪ್ರಾಯ. ನನ್ನ ತಕರಾರು ಈ ಅಭಿಪ್ರಾಯದ ಮೇಲೆ.

ಮೊದಲಿಗೆ, 'ಮನುಷ್ಯರು ಓದಬಲ್ಲದ್ದು' ಎನ್ನುವಾಗ ಯಾವ ಮನುಷ್ಯರು? 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದು ಐದು ಸಂಕೇತ: ಕ, ನ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೆ ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 15 ಬೈಟು. ಪೈಥಾನ್‌ನ ಜೇಸನ್ ಮಾಡ್ಯೂಲಿಗೆ ಈ ಪದ ಕೊಟ್ಟು, ವಿಶೇಷವಾಗಿ ಏನನ್ನೂ ಹೇಳದಿದ್ದರೆ, ಅದು ಪ್ರತಿ ಸಂಕೇತದ ಜಾಗದಲ್ಲಿ ಒಂದು ಓರೆಗೆರೆ, ಒಂದು 'ಯು', ನಾಲ್ಕು ಹೆಕ್ಸ್ ಅಂಕಿಗಳನ್ನು ಬರೆದು ಉದ್ಧರಣ ಚಿಹ್ನೆಗಳ ನಡುವೆ ಒಟ್ಟು 30 ಬೈಟು ಮಾಡಿಕೊಡುತ್ತದೆ. ಪಿಎಚ್‌ಪಿ ಕೂಡ ತಾನಾಗಿ ಮಾಡುವುದು ಇದನ್ನೇ. ನಿಯಮದ ಪ್ರಕಾರ ಎರಡೂ ಸರಿಯಾದ ಜೇಸನ್. ಕನ್ನಡಿಗರ ಹೆಸರು, ಊರು, ತಾಲ್ಲೂಕುಗಳ ಪಟ್ಟಿಯೊಂದು ಈ ರೂಪದಲ್ಲಿ ಬಂದರೆ ಅದನ್ನು ಓದಬಲ್ಲ ಕಣ್ಣು ಯಾವುದು? ಸಿಬೋರ್‌ನಲ್ಲಿ ಇದೇ ಪದಕ್ಕೆ ಬೇಕಾದದ್ದು 16 ಬೈಟು: ಮುಂದೆ 6ಎಫ್ ಎಂಬ ಒಂದು ಬೈಟು, ಅಂದರೆ 'ಇಲ್ಲಿಂದ 15 ಬೈಟಿನ ಪಠ್ಯವಿದೆ' ಎಂಬ ಸೂಚನೆ, ಅದರ ಹಿಂದೆ ಅಕ್ಷರಗಳು ಇದ್ದಂತೆಯೇ. ಸಾಮಾನ್ಯ ಎಡಿಟರ್‌ನಲ್ಲಿ ಎರಡನ್ನೂ ತೆರೆದು ನೋಡಿ. ಬೀಗ ಹಾಕಿದ್ದು ಎನ್ನಿಸಿಕೊಂಡ ಕಡತದಲ್ಲಿ 'ಕನ್ನಡ' ಎಂಬುದು ಕನ್ನಡದಲ್ಲೇ ಕಾಣುತ್ತದೆ. ತೆರೆದ ಪುಸ್ತಕದಲ್ಲಿ ಕಾಣುವುದಿಲ್ಲ.

ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಬಾರದಿತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ನಾವು ಟೈಪು ಮಾಡಿದ ಎಷ್ಟೋ ಕಡತಗಳು ಶುದ್ಧ ಪಠ್ಯವೇ. ನೋಟ್‌ಪ್ಯಾಡಿನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತಿದ್ದವು. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ನುಡಿಯ 'ಕನ್ನಡ' ಎಂಬುದು ಒಂದು ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನರ ಎಸ್, ಕೊನೆಗೊಂದು ಕ್ಯೂ ಎಲ್ಲ ಸೇರಿದ ಕಲಸುಮೇಲೋಗರ. ಪತ್ರಿಕಾ ಕಚೇರಿಗಳಲ್ಲಿ, ಸರ್ಕಾರಿ ಕಡತಗಳಲ್ಲಿ, ಸಾಹಿತಿಗಳ ಹಳೆಯ ಸಿ.ಡಿ.ಗಳಲ್ಲಿ ಅಂಥ ಪಠ್ಯ ಇಂದಿಗೂ ಬಿದ್ದಿದೆ, ಅದನ್ನು ಯೂನಿಕೋಡಿಗೆ ತಿರುಗಿಸುವ ಆನ್‌ಲೈನ್ ಪರಿವರ್ತಕಗಳಿಗೆ ಇಂದಿಗೂ ಜನ ಕಾದಂಬರಿಗಟ್ಟಲೆ ಅಂಟಿಸುತ್ತಾರೆ. ಈ ಪರಿವರ್ತಕಗಳು ಕೆಲಸ ಮಾಡುವುದು ಹೇಗೆ? ಯಾವ ಸಂಕೇತ ಯಾವ ಅಕ್ಷರದ ತುಂಡು ಎಂಬ ಕೋಷ್ಟಕವನ್ನು ಬಲ್ಲವರು ಕುಳಿತು ಬರೆದದ್ದರಿಂದ. ಒಂದು ತಲೆಮಾರಿನ ಬರಹ ಉಳಿದದ್ದು ಆ ಕೋಷ್ಟಕದಿಂದ. ಪಠ್ಯದ ಕಡತವಾಗಿತ್ತು ಎಂಬುದು ಅದಕ್ಕೆ ಕೂದಲೆಳೆಯಷ್ಟೂ ನೆರವಾಗಲಿಲ್ಲ.

ಅಕ್ಷರ ಕಂಡಿತು ಎಂದೇ ಇಟ್ಟುಕೊಳ್ಳೋಣ. ಅರ್ಥ ತಿಳಿಯಿತೇ? ಹಣದ ಉದಾಹರಣೆ ನೋಡಿ. ಒಂದು ಜೇಸನ್‌ನಲ್ಲಿ 'ಅಮೌಂಟ್' ಎಂಬ ಹೆಸರಿನ ಮುಂದೆ 50000 ಎಂದಿದೆ. ಐವತ್ತು ಸಾವಿರ ರೂಪಾಯಿ ಎಂದು ಓದುವುದು ಸಹಜ. ಬೆಂಗಳೂರಿನ ರೇಜರ್‌ಪೇಯ ಎಪಿಐಯಲ್ಲಿ ಅದು ಐನೂರು ರೂಪಾಯಿ. ಮೊತ್ತವನ್ನು ಪೈಸೆಯಲ್ಲೇ ಕೊಡಬೇಕೆಂದು ಅವರ ದಾಖಲೆ ಸ್ಪಷ್ಟವಾಗಿ ಹೇಳುತ್ತದೆ, ಜೇಸನ್ ಹೇಳುವುದಿಲ್ಲ. ಈಗ ನಿಮ್ಮ ಜೇಬಿನ ಎಟಿಎಂ ಕಾರ್ಡಿನ ಕಡೆ ಬನ್ನಿ. ಅದರ ಚಿಪ್ಪು ಯಂತ್ರದೊಂದಿಗೆ ಮಾತಾಡುವುದು ಎಎಸ್‌ಎನ್.1 ಮನೆತನದ ಬೈನರಿಯಲ್ಲಿ. 9ಎಫ್02 ಎಂಬ ಗುರುತು, 06 ಎಂಬ ಉದ್ದ, ಆಮೇಲೆ 00 00 00 05 00 00 ಎಂಬ ಆರು ಬೈಟು. ಜೊತೆಗೆ 5ಎಫ್2ಎ ಎಂಬ ಗುರುತಿನಡಿ 0356, ಅಂದರೆ ಭಾರತದ ರೂಪಾಯಿ. ಇಎಂವಿ ಎಂಬ ಕಾರ್ಡು ಕೂಟದ ಕೈಪಿಡಿ ತೆಗೆದರೆ 9ಎಫ್02 ಎಂದರೆ ಮೊತ್ತ ಎಂದೂ ಅದನ್ನು ಹೇಗೆ ಬರೆಯಬೇಕೆಂದೂ ಇದೆ. ಇದೂ 50000 ಪೈಸೆ, ಇದೂ ಐನೂರು ರೂಪಾಯಿ.

ಎರಡಕ್ಕೂ ಕೈಪಿಡಿ ಬೇಕೇ ಬೇಕು. ವ್ಯತ್ಯಾಸ ಇರುವುದು ನಮ್ಮ ನಡವಳಿಕೆಯಲ್ಲಿ. 9ಎಫ್02 ಕಂಡವನಿಗೆ ತನಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ, ಅವನು ಕೈಪಿಡಿ ಹುಡುಕುತ್ತಾನೆ. 'ಅಮೌಂಟ್' ಕಂಡವನು ಅರ್ಥವಾಯಿತೆಂದು ತಲೆಯಾಡಿಸಿ ಕೋಡು ಬರೆಯಲು ಕೂರುತ್ತಾನೆ. ದಿನಾಂಕದ ಕತೆಯೂ ಇದೇ: 03-04-2021 ಎಂಬುದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ? ಜೇಸನ್‌ಗೆ ದಿನಾಂಕವೆಂಬ ಬಗೆಯೇ ಇಲ್ಲ, ಅದು ಬರಿ ಉದ್ಧರಣ ಚಿಹ್ನೆಯೊಳಗಿನ ಪಠ್ಯ. ಸಿಬೋರ್‌ನಲ್ಲಿ ದಿನಾಂಕಕ್ಕೆ ಒಂದು ಟ್ಯಾಗ್ ಗೊತ್ತುಪಡಿಸಿ, ಅದನ್ನು ಬರೆಯುವ ಕ್ರಮವನ್ನೂ ನಿಗದಿ ಮಾಡಿದ್ದಾರೆ. ಓದಲು ಸುಲಭ ಎಂಬ ನಂಬಿಕೆಯ ನಿಜವಾದ ಕೆಡುಕು ಇಲ್ಲಿದೆ. ನೋಡಿದರೆ ತಿಳಿಯುತ್ತದೆ ಬಿಡಿ ಎಂಬ ಭರವಸೆಯಲ್ಲಿ ಯಾರೂ ಬರೆದಿಡುವುದಿಲ್ಲ. ಯಾವ ಕಾಲಮ್ಮು ಯಾವ ಅಳತೆಯಲ್ಲಿದೆ, ಯಾವುದು ಖಾಲಿ ಇರಬಹುದು, ಯಾವುದು ಕಡ್ಡಾಯ ಎಂಬ ಒಪ್ಪಂದ ಇಬ್ಬರು ಎಂಜಿನಿಯರುಗಳ ತಲೆಯಲ್ಲಿರುತ್ತದೆ, ಅವರಲ್ಲೊಬ್ಬರು ಕೆಲಸ ಬಿಟ್ಟ ದಿನ ಅರ್ಧ ಹೋಗುತ್ತದೆ.

ಮನುಷ್ಯನ ಮಾತು ಬಿಡಿ, ಯಂತ್ರಗಳಾದರೂ ಜೇಸನ್ ಅನ್ನು ಒಂದೇ ರೀತಿ ಓದುತ್ತವೆಯೇ? 9007199254740993 ಎಂಬ ಸಂಖ್ಯೆಯನ್ನು ಜೇಸನ್‌ನಲ್ಲಿ ಬರೆದು ಜಾವಾಸ್ಕ್ರಿಪ್ಟಿಗೆ ಕೊಡಿ, 9007199254740992 ಆಗಿ ಹೊರಬರುತ್ತದೆ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ವ್ಯಾಕರಣ ಎಷ್ಟು ಅಂಕಿಯನ್ನಾದರೂ ಬಿಡುತ್ತದೆ, ಜಾವಾಸ್ಕ್ರಿಪ್ಟಿನ ಸಂಖ್ಯೆಗಳು 53 ಬಿಟ್ ದಾಟಿದ ಮೇಲೆ ನಿಖರವಲ್ಲ. 2010ರಲ್ಲಿ ಟ್ವಿಟರ್ ತನ್ನ ಟ್ವೀಟುಗಳಿಗೆ 64 ಬಿಟ್ಟಿನ ಗುರುತುಸಂಖ್ಯೆ ಕೊಡಲು ಹೊರಟಾಗ ಇದೇ ಕಾರಣಕ್ಕೆ ಪ್ರತಿ ಸಂಖ್ಯೆಯನ್ನು ಎರಡು ಸಲ ಕಳಿಸಬೇಕಾಯಿತು: ಒಮ್ಮೆ ಸಂಖ್ಯೆಯಾಗಿ, ಒಮ್ಮೆ ಪಠ್ಯವಾಗಿ. ಗೂಗಲ್ಲಿನ ಪ್ರೊಟೊಬಫ್ ತನ್ನ ಮಾಹಿತಿಯನ್ನು ಜೇಸನ್‌ಗೆ ಇಳಿಸುವಾಗ 64 ಬಿಟ್ ಸಂಖ್ಯೆಗಳನ್ನು ಇಂದಿಗೂ ಉದ್ಧರಣ ಚಿಹ್ನೆಯೊಳಗೇ ಇಡುತ್ತದೆ.

ಒಂದೇ ಹೆಸರು ಎರಡು ಬಾರಿ ಬಂದರೆ ಏನು ಮಾಡಬೇಕು? ಜೇಸನ್‌ನ ಈಗಿನ ಮಾನಕ, 2017ರ ಆರ್‌ಎಫ್‌ಸಿ 8259, ಹೆಸರುಗಳು ಬೇರೆ ಬೇರೆ ಇದ್ದರೆ ಒಳ್ಳೆಯದು ಎನ್ನುತ್ತದೆ, ಇಲ್ಲದಿದ್ದರೆ ಏನಾಗುತ್ತದೆಂದು ಹೇಳಲಾಗದು ಎಂದು ಒಪ್ಪಿಕೊಳ್ಳುತ್ತದೆ. ಅದೇ ವರ್ಷ ಕೌಚ್‌ಡಿಬಿ ಡೇಟಾಬೇಸಿನಲ್ಲಿ ಸಿಕ್ಕ ರಂಧ್ರ ಈ ಸಂದಿಯಿಂದಲೇ ಹುಟ್ಟಿದ್ದು. ಅದರ ಒಂದು ಭಾಗ ಅರ್ಲಾಂಗ್ ಭಾಷೆಯ ಪಾರ್ಸರ್‌ನಿಂದ ಜೇಸನ್ ಓದುತ್ತಿತ್ತು, ಇನ್ನೊಂದು ಜಾವಾಸ್ಕ್ರಿಪ್ಟಿನದರಿಂದ. ಬಳಕೆದಾರನ ಅಧಿಕಾರ ತಿಳಿಸುವ ಹೆಸರನ್ನು ಎರಡು ಬಾರಿ ಬರೆದು ಕಳಿಸಿದರೆ, ತಪಾಸಣೆ ಮಾಡುವ ಜಾವಾಸ್ಕ್ರಿಪ್ಟ್ ಎರಡನೆಯದನ್ನು ನೋಡಿ ಸರಿ ಎನ್ನುತ್ತಿತ್ತು, ಅಧಿಕಾರ ಕೊಡುವ ಅರ್ಲಾಂಗ್ ಮೊದಲನೆಯದನ್ನು ನೋಡಿ ಅಡ್ಮಿನ್ ಪಟ್ಟ ಕಟ್ಟುತ್ತಿತ್ತು. ಅತ್ತೆಗೊಂದು ಸೊಸೆಗೊಂದು. ಆ ಕೆಲವು ಸಾಲುಗಳನ್ನು ಯಾರು ಬೇಕಾದರೂ ಕಣ್ಣಿನಿಂದ ಓದಬಹುದಿತ್ತು. ಓದಿದರೂ ಯಾವ ಯಂತ್ರ ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂಬುದು ತಿಳಿಯುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಗಟ್ಟಿ ವಾದವನ್ನೂ ಕೇಳಬೇಕು. ಪಠ್ಯಪ್ರೇಮ ಶುರುವಾದದ್ದು ಜೇಸನ್‌ನಿಂದಲ್ಲ. ಯೂನಿಕ್ಸ್ ಕಾಲದಿಂದಲೂ, ಡಗ್ ಮೆಕಿಲ್‌ರಾಯ್ ಅಂಥವರು ಪಠ್ಯದ ಹರಿವನ್ನೇ ಎಲ್ಲ ಪ್ರೋಗ್ರಾಮುಗಳ ನಡುವಿನ ಸಾಮಾನ್ಯ ಸೇತುವೆಯೆಂದು ಪ್ರತಿಪಾದಿಸಿದರು. ಅದರಲ್ಲಿ ತಥ್ಯವಿದೆ. ಪಠ್ಯವಾದರೆ ಗ್ರೆಪ್‌ನಿಂದ ಹುಡುಕಬಹುದು, ಗಿಟ್‌ನಲ್ಲಿ ನಿನ್ನೆಗೂ ಇವತ್ತಿಗೂ ಏನು ಬದಲಾಯಿತೆಂದು ನೋಡಬಹುದು, ಕಡತದ ನಡುವೆ ನಾಲ್ಕು ಬೈಟು ಕೆಟ್ಟರೂ ಮಿಕ್ಕದ್ದನ್ನು ಉಳಿಸಿಕೊಳ್ಳಬಹುದು. ಹೊಸದಾಗಿ ಕಲಿಯುವ ಹುಡುಗ ಹುಡುಗಿಯರಿಗೆ ಕಣ್ಣಿಗೆ ಕಾಣುವುದು ದೊಡ್ಡ ಧೈರ್ಯ. ಸೆಟ್ಟಿಂಗ್ ಕಡತಗಳನ್ನು ಮನುಷ್ಯರೇ ಕೈಯಾರೆ ಬರೆಯುವುದರಿಂದ ಅವು ಪಠ್ಯದಲ್ಲೇ ಇರಬೇಕು. ಅದಕ್ಕೆ ಜೇಸನ್ ಒಳ್ಳೆಯ ಆಯ್ಕೆಯಲ್ಲ ಎಂಬುದು ಬೇರೆ ಮಾತು, ಟಿಪ್ಪಣಿ ಬರೆಯುವ ಸೌಲಭ್ಯವನ್ನೇ ಕ್ರಾಕ್‌ಫರ್ಡ್ ಕಿತ್ತುಹಾಕಿದ್ದಾರೆ. ಇದನ್ನೆಲ್ಲ ಒಪ್ಪುತ್ತೇನೆ.

ಆದರೆ ಈ ಅನುಕೂಲಗಳೂ ನಿಂತಿರುವುದು ಉಪಕರಣಗಳ ಮೇಲೆ. ಗ್ರೆಪ್ ಒಂದು ಉಪಕರಣ, ಗಿಟ್ ಒಂದು ಉಪಕರಣ, ನೋಟ್‌ಪ್ಯಾಡ್ ಕೂಡ ಬೈಟುಗಳನ್ನು ಬಿಡಿಸಿ ಅಕ್ಷರ ಮಾಡಿ ತೋರಿಸುವ ಡಿಕೋಡರ್. ಎಲ್ಲ ಯಂತ್ರಗಳಲ್ಲೂ ಮೊದಲೇ ಕೂತಿರುವುದರಿಂದ ಅದು ಇದೆಯೆಂಬುದೇ ನಮಗೆ ಮರೆತುಹೋಗಿದೆ. 2015ರಲ್ಲಿ ಎಚ್‌ಟಿಟಿಪಿ/2 ಬಂದು ವೆಬ್‌ನ ಮಾತುಕತೆ ಬೈನರಿಗೆ ತಿರುಗಿದಾಗ, ಇನ್ನು ಟೆಲ್ನೆಟ್‌ನಲ್ಲಿ ಟೈಪು ಮಾಡಿ ಪರೀಕ್ಷಿಸುವ ಹಾಗಿಲ್ಲವಲ್ಲ ಎಂಬ ಗೊಣಗಾಟ ಎದ್ದಿತ್ತು. ಯಾರಿಗೆ ಏನು ಕಷ್ಟವಾಯಿತು? ಬ್ರೌಸರಿನ ಡೆವಲಪರ್ ಕಿಟಕಿ ತೆರೆದರೆ ಪ್ರತಿ ಹೆಡರೂ ಎಂದಿನಂತೆ ಅಚ್ಚುಕಟ್ಟಾಗಿ ಕಾಣುತ್ತದೆ. ಅದೇ ಹಳೆಯ, ಕಣ್ಣಿಗೆ ಕಾಣುವ ಎಚ್‌ಟಿಟಿಪಿ/1.1ರಲ್ಲಿ ಸಂದೇಶದ ಉದ್ದವನ್ನು ಹೇಳಲು ಎರಡು ದಾರಿಗಳಿದ್ದು, ನಡುವಿನ ಸರ್ವರ್ ಒಂದನ್ನೂ ಹಿಂದಿನ ಸರ್ವರ್ ಇನ್ನೊಂದನ್ನೂ ನಂಬುವಂತೆ ಮಾಡಿ ದಾಳಿಕೋರರು ಒಂದು ವಿನಂತಿಯ ಹೊಟ್ಟೆಯಲ್ಲಿ ಇನ್ನೊಂದನ್ನು ಸಾಗಿಸುತ್ತಿದ್ದರು.

ಜೇಸನ್ ಗೆದ್ದದ್ದಕ್ಕೂ ಓದುವ ಸುಲಭಕ್ಕೂ ಸಂಬಂಧ ಕಡಿಮೆ. ಅದು ಜಾವಾಸ್ಕ್ರಿಪ್ಟಿನದೇ ತುಣುಕಾದ್ದರಿಂದ ಪ್ರತಿ ಬ್ರೌಸರಿನಲ್ಲೂ ಅದನ್ನು ಬಿಡಿಸುವ ಯಂತ್ರ ಆಗಲೇ ಇತ್ತು, ಎಕ್ಸ್‌ಎಂಎಲ್‌ನ ಭಾರಕ್ಕೆ ಜನ ಬೇಸತ್ತಿದ್ದರು, ವ್ಯಾಕರಣ ಚಿಕ್ಕದಾದ್ದರಿಂದ ಬೇಗ ಎಲ್ಲ ಭಾಷೆಗಳಿಗೂ ಪಾರ್ಸರ್ ಬಂತು. ಇವು ನಿಜವಾದ ಗುಣಗಳು. ಜೇಸನ್ ಅನ್ನು ಇವುಗಳಿಗಾಗಿ ಆರಿಸಿಕೊಂಡರೆ ನನ್ನ ಆಕ್ಷೇಪವಿಲ್ಲ.

ಹಾಗಾದರೆ ಬೈನರಿಗೆ ಜೈ ಎನ್ನೋಣವೇ? ಅದೂ ಅವಸರದ ಮಾತು. ಪ್ರೊಟೊಬಫ್‌ನ ದಾಖಲೆಯಲ್ಲೇ ಬರುವ ಹೆಸರಾಂತ ಮೂರು ಬೈಟುಗಳಿವೆ: 08 96 01. ಮೊದಲ ಬೈಟು 'ಒಂದನೆಯ ಸ್ಥಾನ, ಪೂರ್ಣಾಂಕ' ಎನ್ನುತ್ತದೆ, ಉಳಿದೆರಡು ಸೇರಿ 150. ಸ್ಕೀಮಾದಲ್ಲಿ, ಅಂದರೆ ಯಾವ ಸ್ಥಾನದಲ್ಲಿ ಏನಿದೆಯೆಂದು ಬರೆದಿಟ್ಟ ಒಪ್ಪಂದದಲ್ಲಿ, ಅದನ್ನು ಸಾಮಾನ್ಯ ಪೂರ್ಣಾಂಕವೆಂದು ಬರೆದಿದ್ದರೆ ಬೆಲೆ 150. ಋಣಸಂಖ್ಯೆಗಳಿಗೆ ಅನುಕೂಲವಾದ ಝಿಗ್‌ಝಾಗ್ ಬಗೆಯೆಂದು ಬರೆದಿದ್ದರೆ ಅದೇ ಬೈಟುಗಳ ಬೆಲೆ 75. ಬೈಟು ನೋಡಿ ಇದನ್ನು ತೀರ್ಮಾನಿಸಲು ಬ್ರಹ್ಮನಿಗೂ ಆಗದು. ಉದ್ದ ಹೇಳಿಕೊಂಡು ಬರುವ ತುಣುಕಂತೂ ಪಠ್ಯವಿರಬಹುದು, ಚಿತ್ರವಿರಬಹುದು, ಒಳಗೆ ಇನ್ನೊಂದು ಸಂದೇಶವೇ ಇರಬಹುದು. ಸ್ಕೀಮಾ ಕೇಳದೆ ಪ್ರೊಟೊಬಫ್ ಬಿಡಿಸಿಕೊಡುವ ತಾಣಗಳು ಇಲ್ಲಿ ಮಾಡುವುದು ಊಹೆ. ಕೆಲವು ಪ್ರಾಮಾಣಿಕವಾಗಿ ಎರಡೂ ಸಾಧ್ಯತೆಗಳನ್ನು ಪಕ್ಕಪಕ್ಕ ತೋರಿಸುತ್ತವೆ. ಕೆಲವು ಒಂದನ್ನೇ ಆರಿಸಿ, ಬಣ್ಣ ಹಚ್ಚಿ, ಸತ್ಯವೆಂಬಂತೆ ಮುಂದಿಡುತ್ತವೆ. ಜೇಸನ್‌ನ 'ಅಮೌಂಟ್' ಕೊಡುವ ಹುಸಿ ಭರವಸೆಯೇ ಇಲ್ಲಿ ತಾಣದ ರೂಪದಲ್ಲಿ ಮರಳಿ ಬಂದಿದೆ.

ಬರೆದಿಟ್ಟ ಒಪ್ಪಂದ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕೋವಿಡ್ ಕಾಲದ ಯುರೋಪು ಸಾಕ್ಷಿ. 2021ರ ಜುಲೈ 1ರಂದು ಜಾರಿಗೆ ಬಂದ ಅಲ್ಲಿನ ಲಸಿಕೆ ಪ್ರಮಾಣಪತ್ರದ ಕ್ಯೂಆರ್ ಸಂಕೇತದೊಳಗೆ ಇದ್ದದ್ದು ಸಹಿ ಹಾಕಿದ ಸಿಬೋರ್. ಅದನ್ನು ಒತ್ತಿ ಕುಗ್ಗಿಸಿ, ಕ್ಯೂಆರ್‌ಗೆ ಒಗ್ಗುವ ಅಕ್ಷರಗಳಿಗೆ ತಿರುಗಿಸಿದ್ದರು. ಬರಿಗಣ್ಣಿಗೆ ಅದು ತಲೆಬುಡವಿಲ್ಲದ ಅಕ್ಷರಗಳ ರಾಶಿ. ಆದರೆ ಪ್ರತಿ ಹಂತದ ವಿವರವನ್ನೂ ಸ್ಕೀಮಾವನ್ನೂ ಸಾರ್ವಜನಿಕವಾಗಿ ಪ್ರಕಟಿಸಿದ್ದರಿಂದ ಎಸ್ಟೋನಿಯದ ಪತ್ರವನ್ನು ಪೋರ್ಚುಗಲ್ಲಿನ ಫೋನು ಓದುತ್ತಿತ್ತು, ಸಹಿ ಸಾಚಾ ಹೌದೋ ಎಂದು ಅಲ್ಲಿಯೇ ನೋಡುತ್ತಿತ್ತು.

ನಮ್ಮ ಆಧಾರ್‌ನ ಕ್ಯೂಆರ್ ಇದಕ್ಕಿಂತ ಪಾಠದಾಯಕ. ಹಳೆಯ ಆಧಾರ್ ಪತ್ರಗಳ ಕ್ಯೂಆರ್‌ನಲ್ಲಿ ಇದ್ದದ್ದು ಎಕ್ಸ್‌ಎಂಎಲ್ ಪಠ್ಯ. ಮೊಬೈಲಿನ ಯಾವ ಸ್ಕ್ಯಾನರ್ ಹಿಡಿದರೂ ಹೆಸರು, ಹುಟ್ಟಿದ ವರ್ಷ, ವಿಳಾಸ, ಪೂರ್ತಿ 12 ಅಂಕಿಯ ಸಂಖ್ಯೆ ಎಲ್ಲ ತೆರೆಯ ಮೇಲೆ. ಓದಲು ಅದಕ್ಕಿಂತ ಸುಲಭವಾದದ್ದು ಬೇಕೇ? ಸಹಿ ಮಾತ್ರ ಇರಲಿಲ್ಲ. ಹೆಸರೊಂದನ್ನು ಬದಲಿಸಿ ಹೊಸ ಕ್ಯೂಆರ್ ಮುದ್ರಿಸಿದರೆ ಸ್ಕ್ಯಾನರ್ ಅಷ್ಟೇ ನಿಷ್ಠೆಯಿಂದ ಸುಳ್ಳನ್ನು ಓದಿ ಹೇಳುತ್ತಿತ್ತು. ಲಾಡ್ಜಿನ ಕೌಂಟರಿನಲ್ಲಿ ಕುಳಿತವನಿಗೆ ತೆರೆಯ ಮೇಲೆ ಅಕ್ಷರ ಮೂಡಿದ್ದೇ ಪುರಾವೆ. 2018ರಲ್ಲಿ ಆಧಾರ್ ಪ್ರಾಧಿಕಾರ ತಂದ ಸುರಕ್ಷಿತ ಕ್ಯೂಆರ್ ಅನ್ನು ಸಾಮಾನ್ಯ ಸ್ಕ್ಯಾನರಿನಲ್ಲಿ ಹಿಡಿದರೆ ಬರುವುದು ಉದ್ದಾನುದ್ದದ ಒಂದು ದಶಮಾನ ಸಂಖ್ಯೆ. ಅದನ್ನು ಬೈಟುಗಳಿಗೆ ತಿರುಗಿಸಿ, ಜಿಜಿಪ್ ಬಿಚ್ಚಿ, ಪಠ್ಯದ ಭಾಗವನ್ನು 255 ಎಂಬ ಬೈಟು ಕಂಡಲ್ಲೆಲ್ಲ ಕತ್ತರಿಸಿದರೆ ಒಂದೊಂದೇ ವಿವರ ಸಿಗುತ್ತದೆ, ಕೊನೆಯಲ್ಲಿ 2048 ಬಿಟ್ಟಿನ ಸಹಿ. ಪೂರ್ತಿ ಆಧಾರ್ ಸಂಖ್ಯೆ ಅದರಲ್ಲಿಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ. ಸಹಿಯನ್ನು ಎಕ್ಸ್‌ಎಂಎಲ್‌ಗೂ ಹಾಕಬಹುದಿತ್ತು ಎಂದರೆ ನಿಜ, ಆಧಾರ್‌ನ ಆಫ್‌ಲೈನ್ ಇಕೆವೈಸಿ ಕಡತ ಹಾಗೆಯೇ ಇದೆ. ಹೊಸ ಕ್ಯೂಆರ್ ಮೇಲಾದದ್ದು ಬೈನರಿ ಎಂಬ ಕಾರಣಕ್ಕಲ್ಲ, ಸಹಿಯಿಂದ. ಸಹಿಯನ್ನು ಮನುಷ್ಯರ ಕಣ್ಣು ಪರಿಶೀಲಿಸಲಾರದು. ಕ್ಯೂಆರ್‌ನಿಂದ ನಮಗೆ ಬೇಕಾಗಿದ್ದದ್ದು ಆ ಪರಿಶೀಲನೆ, ಕಣ್ಣಿಗೆ ಓದುವ ಸುಖ ಬೇಕಾಗಿರಲಿಲ್ಲ.

ಈಗ ಮತ್ತೆ ತಾಣಗಳ ವಿಷಯ. ಎನ್‌ಕೋಡ್, ಡಿಕೋಡ್ ಮಾಡಿಕೊಡುವ ಸೇವೆಗಳೇ ಬೇಡ ಎಂಬುದು ನನ್ನ ವಾದವಲ್ಲ. ಅವು ಇಲ್ಲದೆ ಯಾವ ನಮೂನೆಯೂ ಓದಲು ಬರುವುದಿಲ್ಲ ಎಂಬುದನ್ನೇ ಇಷ್ಟು ಹೊತ್ತು ಹೇಳುತ್ತಿದ್ದೇನೆ. ಕಾರ್ಸ್ಟನ್ ಬೋರ್ಮನ್ ನಡೆಸುವ ಸಿಬೋರ್ ಆಟದಂಗಳ ನನಗೆ ಮೆಚ್ಚುಗೆ. ಎಡಕ್ಕೆ ಮನುಷ್ಯರಿಗಾಗಿ ಬರೆದ ರೂಪ, ಬಲಕ್ಕೆ ಬೈಟುಗಳು, ಪ್ರತಿ ಬೈಟಿನ ಪಕ್ಕದಲ್ಲಿ ಅದು ಏನೆಂಬ ಟಿಪ್ಪಣಿ. ಎಡದಲ್ಲಿ ಕಾಣುವ ಆ ರೂಪ ತಾಣದವರ ಮನಬಂದ ಸೃಷ್ಟಿಯಲ್ಲ, ಸಿಬೋರ್‌ನ ಮಾನಕದಲ್ಲೇ ಅದಕ್ಕೊಂದು ಅಧ್ಯಾಯವಿದೆ. ಸಾಗಿಸಲು ಬೈನರಿ, ಮಾತಾಡಲು ಪಠ್ಯ, ಎರಡರ ನಡುವೆ ಒಂದು ಲಿಖಿತ ಒಪ್ಪಂದ. ಎರಡು ಕೆಲಸವನ್ನೂ ಒಂದೇ ರೂಪದ ಮೇಲೆ ಹೊರಿಸಿದ್ದು ಜೇಸನ್‌ನ ಎಡವಟ್ಟು. ಲಾಪೊ ಲುಕಿನಿ ಅವರ ಎಎಸ್‌ಎನ್.1 ಡಿಕೋಡರ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅದು ನಿಮ್ಮ ಬ್ರೌಸರಿನೊಳಗೇ ಓಡುತ್ತದೆ, ನೀವು ಅಂಟಿಸಿದ ಸರ್ಟಿಫಿಕೇಟು ನಿಮ್ಮ ಯಂತ್ರ ಬಿಟ್ಟು ಹೊರಡುವುದಿಲ್ಲ. ಬ್ರಿಟನ್ನಿನ ಜಿಸಿಎಚ್‌ಕ್ಯು 2016ರಲ್ಲಿ ಬಿಡುಗಡೆ ಮಾಡಿದ ಸೈಬರ್‌ಶೆಫ್ ಕೂಡ ಹೀಗೇ. ಅದನ್ನು ಪೂರ್ತಿ ಇಳಿಸಿಕೊಂಡು ಇಂಟರ್‌ನೆಟ್ ಕಿತ್ತುಹಾಕಿಯೂ ಬಳಸಬಹುದು. ಪರರ ಸಂದೇಶ ಕದ್ದು ಕೇಳುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆ ಕೊಟ್ಟ ಸಲಕರಣೆ, ಜಾಹೀರಾತು ಹಾಕಿ ಪುಕ್ಕಟೆ ಕೊಡುವ ತಾಣಗಳಿಗಿಂತ ನಂಬಿಕಸ್ಥವಾಗಿರುವುದು ಈ ಕಾಲದ ತಮಾಷೆ.

ಒಂದು ಡಿಕೋಡರ್ ತಾಣ ಒಳ್ಳೆಯದೋ ಎಂದು ನೋಡಲು ನನಗೆ ಬೇಕಾದ ಲಕ್ಷಣಗಳು ಹೆಚ್ಚಿಲ್ಲ. ಅಂಟಿಸಿದ್ದು ಸರ್ವರಿಗೆ ಹೋಗಬಾರದು. ಬೈಟುಗಳನ್ನು ಬಚ್ಚಿಡದೆ ಅರ್ಥದ ಪಕ್ಕದಲ್ಲೇ ತೋರಿಸಬೇಕು. ಖಚಿತವಿಲ್ಲದ ಕಡೆ ಖಚಿತವಿಲ್ಲ ಎನ್ನಬೇಕು, ಸ್ಕೀಮಾ ಇದೆಯೇ ಎಂದು ಕೇಳಬೇಕು. ಉಳಿಸುವ ಗುಂಡಿಯಂತೂ ಇರಲೇಬಾರದು. ಬಣ್ಣ, ಮಡಚುವ ಬಾಣ, ಕತ್ತಲೆ ಥೀಮು ಇವೆಲ್ಲ ಆಮೇಲೆ. 2025ರ ವರದಿಯಲ್ಲಿ ಸಿಕ್ಕಿಬಿದ್ದ ತಾಣಗಳಲ್ಲಿ ಬಣ್ಣಕ್ಕೆ ಕೊರತೆ ಇರಲಿಲ್ಲ.

ಲಾಗಿನ್ ಟೋಕನ್ನುಗಳನ್ನು ಬಿಡಿಸಲು ತಾಣ ಹುಡುಕುವವರಿಗೆ ಇನ್ನೊಂದು ಮಾತು. 2015ರಲ್ಲಿ ಮಾನಕವಾದ ಜೆಡಬ್ಲ್ಯುಟಿ ಎಂಬುದು ಬೇಸ್64 ಹೊದಿಸಿದ ಜೇಸನ್ ಅಷ್ಟೆ. ಸಾಮಾನ್ಯವಾಗಿ ನಾವು ಕಾಣುವ ಟೋಕನ್ನುಗಳಲ್ಲಿ ಸಹಿ ಇರುತ್ತದೆ, ಗೂಢಲಿಪಿ ಇರುವುದಿಲ್ಲ. ಓದಬಲ್ಲದ್ದನ್ನು ಓದಲಾಗದಂತೆ ಮಾಡಿ, ಮೂರನೇ ಒಂದು ಪಾಲು ಊದಿಸಿ, ಆಮೇಲೆ ಓದಲು ತಾಣಕ್ಕೆ ಹೋಗುವ ಈ ವಿಚಿತ್ರ ಸುತ್ತನ್ನು ದಿನವೂ ಸುತ್ತುವವರೇ ಬೈನರಿಯನ್ನು ಓದಲಾಗದು ಎನ್ನುತ್ತಾರೆ. ಆ ಟೋಕನ್ನಿನ ಅವಧಿ ಮುಗಿದಿಲ್ಲವಾದರೆ ಅದೇ ನಿಮ್ಮ ಖಾತೆಯ ಕೀಲಿ ಎಂಬುದು ನೆನಪಿರಲಿ.

ಆದ್ದರಿಂದ, ಎಂಜಿನಿಯರ್ ಓದುಗರೇ, ಮುಂದಿನ ಮೀಟಿಂಗಿನಲ್ಲಿ ಯಾರಾದರೂ ಜೇಸನ್ ಸಾಕು, ನೋಡಿದರೆ ತಿಳಿಯುತ್ತದೆ ಎಂದರೆ ಒಪ್ಪುವ ಮೊದಲು ಒಂದು ಹಾಳೆ ಕೇಳಿ: ಪ್ರತಿ ಹೆಸರಿನ ಅರ್ಥ, ಅಳತೆ, ಮಿತಿ ಬರೆದದ್ದು. ಹಾಳೆ ಇದ್ದರೆ ಜೇಸನ್ ಆದರೂ ಸೈ, ಸಿಬೋರ್ ಆದರೂ ಸೈ. ಇಲ್ಲದಿದ್ದರೆ ಎರಡೂ ಬೇಡ, ಮೊದಲು ಬರೆಯಿರಿ. ಪೈಥಾನ್ ಇರುವ ಪ್ರತಿ ಯಂತ್ರದಲ್ಲೂ ಜೇಸನ್ ಬಿಡಿಸುವ ಸಲಕರಣೆ ಮೊದಲೇ ಇದೆ, ಜೆಕ್ಯು ಎಂಬ ಪುಟ್ಟ ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ, ಪ್ರೊಟೊಬಫ್‌ನ ಕಂಪೈಲರಿನಲ್ಲೇ ಡಿಕೋಡರ್ ಇದೆ. ಇವತ್ತೇ ಹಾಕಿಕೊಳ್ಳಿ. ಹೋದ ವಾರ ಯಾವುದಾದರೂ ತಾಣಕ್ಕೆ ಪಾಸ್‌ವರ್ಡ್ ಇದ್ದ ಪಠ್ಯ ಅಂಟಿಸಿದ್ದರೆ, ಅದನ್ನು ಈಗಲೇ ಬದಲಿಸಿ.